ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆ: ಬಾಯಿಪಾಠ, ಫೋನಿಕ್ಸ್, ಕನ್ನಡದ ಆಸರೆ, ಮೊಬೈಲ್, ತರಗತಿ – ಯಾರಿಗೆ ಯಾವುದು?

ಮಗುವಿಗೆ ಇಂಗ್ಲಿಷ್ ಅಕ್ಷರಗಳನ್ನು ಹೇಳಿಕೊಡಲು ಹೊರಟ ತಂದೆತಾಯಂದಿರೂ, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕೆಲಸದ ಸಲುವಾಗಿ ಉಚ್ಚಾರಣೆಯನ್ನು ತಿದ್ದಿಕೊಳ್ಳಬೇಕೆನ್ನುವ ಯುವಕ ಯುವತಿಯರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಹಿಂದಿನಂತೆ ಎ, ಬಿ, ಸಿ, ಡಿ ಎಂದು ಬಾಯಿಪಾಠ ಮಾಡುವುದೋ, ಅಕ್ಷರದ ಧ್ವನಿಯಿಂದ ಓದು ಕಲಿಸುವ, ಈಗ ಎಲ್ಲೆಡೆ ಕೇಳಿಬರುವ ಫೋನಿಕ್ಸ್ ಹಿಡಿಯುವುದೋ, ಅಕ್ಷರದ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದುವುದೋ, ಮೊಬೈಲಿನ ಆ್ಯಪ್ ಸಾಕೋ, ಅಥವಾ ಹಣ ಕೊಟ್ಟು ತರಗತಿಗೆ ಸೇರಬೇಕೋ? ಈ ಐದರಲ್ಲಿ ನಿರುಪಯುಕ್ತವಾದದ್ದು ಯಾವುದೂ ಇಲ್ಲ. ಆದರೆ ಐದೂ ಒಂದೇ ಕೆಲಸವನ್ನು ಮಾಡುವುದಿಲ್ಲ ಎಂಬುದನ್ನು ಗಮನಿಸದೆ ಆರಿಸಿಕೊಂಡವರಿಗೆ ದುಡ್ಡೂ ಸಮಯವೂ ವ್ಯರ್ಥವಾಗುತ್ತವೆ.

ಕನ್ನಡದಲ್ಲಿ ಅಕ್ಷರ ಕಲಿತವರಿಗೆ ಇಲ್ಲೊಂದು ವಿಶೇಷವಾದ ತೊಡಕಿದೆ. ನಮ್ಮ ‘ಕ’ ಅಕ್ಷರದ ಹೆಸರೂ ಕ, ಅದರ ಧ್ವನಿಯೂ ಕ. ಹೆಸರು ಗೊತ್ತಾದರೆ ಓದು ತಾನಾಗಿಯೇ ಬರುತ್ತದೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಸಾಮಾನ್ಯವಾಗಿ ಹೆಸರು ಬೇರೆ, ಪದದೊಳಗೆ ಅದು ಕೊಡುವ ಧ್ವನಿ ಬೇರೆ. ಎಚ್ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ. ಡಬ್ಲ್ಯೂ ಎಂಬ ಹೆಸರಿನಲ್ಲಿ ವಕಾರವಿಲ್ಲ. ವೈ ಎಂಬ ಹೆಸರು ವಕಾರದಿಂದ ಆರಂಭವಾಗುತ್ತದೆ, ಆದರೆ ಪದದ ಮೊದಲಿಗೆ ಬಂದಾಗ ಆ ಅಕ್ಷರ ಕೊಡುವುದು ಯಕಾರವನ್ನು. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು’ ಎಂದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ರಾಗವಾಗಿ ಹೇಳಿಸಿಕೊಂಡು ಬಂದಿದ್ದಾರೆ; ಸಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಜೋಡಿಸಿದರೂ ‘ಸೀಏಟೀ’ ಆಗುತ್ತದೆಯೇ ಹೊರತು ಕ್ಯಾಟ್ ಆಗುವುದಿಲ್ಲ ಎಂಬುದನ್ನು ಯಾರೂ ಮಗುವಿಗೆ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ‘ಅಕ್ಷರಗಳ ಉಚ್ಚಾರಣೆ’ ಎನ್ನುವುದರಲ್ಲಿ ಎರಡು ಕೌಶಲಗಳಿವೆ: ಅಕ್ಷರದ ಹೆಸರನ್ನು ಕೇಳುವವರಿಗೆ ತಿಳಿಯುವಂತೆ ಹೇಳುವುದು ಒಂದು, ಅಕ್ಷರವನ್ನು ಕಂಡಾಗ ಧ್ವನಿ ಹೊರಡಿಸಿ ಪದವನ್ನು ಓದುವುದು ಇನ್ನೊಂದು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದಾಗಿ ಉದ್ದೇಶ. ಬ್ಯಾಂಕಿಗೆ ಫೋನ್ ಮಾಡಿ ಪ್ಯಾನ್ ಸಂಖ್ಯೆ ಹೇಳಬೇಕಾದವರಿಗೆ ಬೇಕಿರುವುದು ಹೆಸರುಗಳು. ಒಂದನೆಯ ತರಗತಿಯ ಮಗುವಿಗೆ ಬೇಕಿರುವುದು ಮುಖ್ಯವಾಗಿ ಧ್ವನಿಗಳು. ಎರಡನೆಯದಾಗಿ, ಕಲಿಯುವವರಿಗೆ ಕನ್ನಡ ಓದಲು ಬರುತ್ತದೆಯೇ ಎಂಬುದು. ಕನ್ನಡ ಕಾಗುಣಿತ ಬಲ್ಲವರಿಗೆ ಇರುವ ಒಂದು ಅನುಕೂಲವನ್ನು ಮುಂದೆ ಹೇಳುತ್ತೇನೆ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು: ತಪ್ಪಾದಾಗ ತಿದ್ದುವವರು ಯಾರು? ಉಚ್ಚಾರಣೆಯನ್ನು ಕೇಳಿ ಕಲಿಯಬಹುದು, ಆದರೆ ನಮ್ಮ ಕಿವಿಗೆ ಪರಿಚಯವಿಲ್ಲದ ಧ್ವನಿಯ ವ್ಯತ್ಯಾಸ ನಮಗೆ ಕೇಳಿಸುವುದೇ ಇಲ್ಲ. ಹಣ ನಾಲ್ಕನೆಯದು, ಈ ವಿಷಯದಲ್ಲಿ ಹೆಚ್ಚು ಖರ್ಚು ಮಾಡಿದವರೇ ಹೆಚ್ಚು ಕಲಿಯುತ್ತಾರೆ ಎಂದೇನೂ ಇಲ್ಲವಾದ್ದರಿಂದ ಅದನ್ನು ಕೊನೆಗೆ ಇಟ್ಟಿದ್ದೇನೆ.

ಬಾಯಿಪಾಠ ಮತ್ತು ಹಾಡು

ಗೋಡೆಗೆ ಹಚ್ಚುವ ಒಂದು ಬಣ್ಣದ ಪಟ, ಇಲ್ಲವೆ ಮನೆಯವರ ಬಾಯಿಯ ಹಾಡು: ಇದಕ್ಕಿಂತ ಅಗ್ಗದ ದಾರಿ ಇಲ್ಲ. ಅಕ್ಷರಗಳ ಅನುಕ್ರಮ ಮನಸ್ಸಿನಲ್ಲಿ ನಿಲ್ಲುತ್ತದೆ, ಮುಂದೆ ನಿಘಂಟು ನೋಡುವುದಕ್ಕೂ ಕಡತ ಜೋಡಿಸುವುದಕ್ಕೂ ಅದು ಬೇಕೇ ಬೇಕು. ಹಾಡಿನ ದೋಷವೆಂದರೆ ಅದರ ಲಯ. 1835ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹಕ್ಕುಸ್ವಾಮ್ಯ ಪಡೆದ ಈ ಹಾಡಿನಲ್ಲಿ ಎಲ್, ಎಮ್, ಎನ್, ಒ, ಪಿ ಎಂಬ ಐದು ಅಕ್ಷರಗಳು ಒಂದೇ ಉಸಿರಿನಲ್ಲಿ ಓಡುವುದರಿಂದ ಎಷ್ಟೋ ಮಕ್ಕಳು ‘ಎಲೆಮೆನೊಪಿ’ ಎಂಬುದು ಒಂದೇ ಅಕ್ಷರವೆಂದು ತಿಳಿದಿರುತ್ತಾರೆ. ಕೊನೆಯ ಅಕ್ಷರವನ್ನು ಅಮೆರಿಕನ್ನರು ‘ಜ಼ೀ’ ಎನ್ನುತ್ತಾರೆ, ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ‘ಜ಼ೆಡ್’ ಎನ್ನುವುದು ರೂಢಿ. ಕನ್ನಡದ ಕಿವಿಗೆ ಜಕಾರ ಮತ್ತು ಜ಼ಕಾರಗಳ ಅಂತರ ಸುಲಭವಾಗಿ ಸಿಕ್ಕುವುದಿಲ್ಲ. ಹಾಗಾಗಿ ಅಮೆರಿಕದ ಹಾಡಿನಿಂದ ಕಲಿತ ಮಗುವಿನ ಬಾಯಲ್ಲಿ ಏಳನೆಯ ಅಕ್ಷರವೂ ‘ಜೀ’, ಇಪ್ಪತ್ತಾರನೆಯ ಅಕ್ಷರವೂ ‘ಜೀ’ ಆಗಿಬಿಡುತ್ತವೆ. ಊರಿನಲ್ಲಿ ಇರುವವರು ‘ಜ಼ೆಡ್’ ಅನ್ನೇ ಹೇಳಿಕೊಡುವುದು ಲೇಸು. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿನ ಶಾಲೆಯ ರೂಢಿಯೇ ಮಕ್ಕಳಿಗೆ ಅನುಕೂಲ.

ವಯಸ್ಕರು ಹೆಸರುಗಳನ್ನು ತಿದ್ದಿಕೊಳ್ಳುವಾಗ ಹಾಡಿನ ಅನುಕ್ರಮವನ್ನು ಬಿಟ್ಟು, ಸ್ವರದ ಪ್ರಕಾರ ಗುಂಪು ಮಾಡಿಕೊಳ್ಳುವುದು ಬಹಳ ಫಲಕಾರಿ. ಎ, ಎಚ್, ಜೆ, ಕೆ ನಾಲ್ಕರಲ್ಲಿಯೂ ಇರುವುದು ‘ಏಯ್’ ಎಂಬ ಜಾರುಸ್ವರ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಧ್ವನಿ. ಬಿ, ಸಿ, ಡಿ, ಇ, ಜಿ, ಪಿ, ಟಿ, ವಿ ಎಂಟೂ ದೀರ್ಘ ‘ಈ’ ಗುಂಪಿನವು. ಎಫ್, ಎಲ್, ಎಮ್, ಎನ್, ಎಸ್, ಎಕ್ಸ್‌ಗಳು ಹ್ರಸ್ವ ‘ಎ’ ಸ್ವರದಿಂದ ಆರಂಭವಾಗುತ್ತವೆ. ಜ಼ೆಡ್‌ನ ಒಳಗಿರುವುದೂ ಅದೇ ಸ್ವರ. ಕ್ಯೂ, ಯು, ಡಬ್ಲ್ಯೂ ಮೂರೂ ‘ಯೂ’ ಎಂದು ಮುಗಿಯುತ್ತವೆ. ಐ, ವೈ ಎರಡಕ್ಕೂ ‘ಆಯ್’. ಒ ಮತ್ತು ಆರ್ ಒಂಟಿ. ಹೀಗೆ ವಿಂಗಡಿಸಿದ ಕೂಡಲೇ ಎಡವುವ ಜಾಗ ಯಾವುದೆಂದು ಕಣ್ಣಿಗೆ ಬೀಳುತ್ತದೆ: ‘ಈ’ ಗುಂಪಿನ ಎಂಟು ಅಕ್ಷರಗಳನ್ನು ಪ್ರತ್ಯೇಕಿಸುವುದು ಮೊದಲ ವ್ಯಂಜನವೊಂದೇ, ಫೋನಿನಲ್ಲಿ ಮೊದಲು ಅಳಿಸಿಹೋಗುವುದೂ ಅದೇ.

ಒಂದು ಪ್ಯಾನ್ ಸಂಖ್ಯೆಯನ್ನು ಊಹಿಸಿಕೊಳ್ಳಿ. ಹತ್ತು ಚಿಹ್ನೆಗಳಲ್ಲಿ ಮೊದಲ ಐದು ಅಕ್ಷರಗಳು, ಆಮೇಲೆ ನಾಲ್ಕು ಅಂಕಿಗಳು, ಕೊನೆಗೊಂದು ಅಕ್ಷರ. ವ್ಯಕ್ತಿಗೆ ಕೊಟ್ಟ ಪ್ಯಾನ್ ಆಗಿದ್ದರೆ ನಾಲ್ಕನೆಯ ಅಕ್ಷರ ಯಾವಾಗಲೂ ಪಿ. ಮೊದಲ ಮೂರು ಅಕ್ಷರಗಳು ಬಿ, ವಿ, ಡಿ ಆಗಿದ್ದರೆ ಕೇಳುವವರಿಗೆ ‘ಈ, ಈ, ಈ, ಈ’ ಎಂದಷ್ಟೇ ಕೇಳಿಸುವುದು ಆಶ್ಚರ್ಯವಲ್ಲ. ಇದಕ್ಕೆ ಉಚ್ಚಾರಣೆಯನ್ನು ಎಷ್ಟು ತಿದ್ದಿಕೊಂಡರೂ ಪೂರ್ಣ ಪರಿಹಾರವಿಲ್ಲ, ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಿಗೂ ಇಲ್ಲ. ಅದಕ್ಕೆಂದೇ ವಿಮಾನಯಾನದಲ್ಲಿ ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಸಂಕೇತಪದಗಳು 1956ರಿಂದ ಬಳಕೆಯಲ್ಲಿವೆ. ನಮ್ಮಲ್ಲಿ ‘ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ’ ಎನ್ನುವುದು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದ ಐದನೆಯ ಚಿಹ್ನೆ ಸೊನ್ನೆ. ಅದನ್ನು ‘ಓ’ ಎಂದು ಓದಿ ಹೇಳಿದರೆ ಬರೆದುಕೊಳ್ಳುವವರು ಅಕ್ಷರವನ್ನೇ ಬರೆದುಕೊಳ್ಳುತ್ತಾರೆ, ‘ಜ಼ೀರೋ’ ಎಂದೇ ಹೇಳಬೇಕು.

ಫೋನಿಕ್ಸ್

ಫೋನಿಕ್ಸ್ ಎಂದರೆ ಅಕ್ಷರದ ಹೆಸರನ್ನು ಪಕ್ಕಕ್ಕಿಟ್ಟು, ಅದರ ಧ್ವನಿಯನ್ನು ಮೊದಲು ಕಲಿಸಿ, ಧ್ವನಿಗಳನ್ನು ಕೂಡಿಸಿ ಪದ ಓದಿಸುವ ಪದ್ಧತಿ. ಇಂಗ್ಲೆಂಡಿನಲ್ಲಿ 2006ರ ಒಂದು ಸರ್ಕಾರಿ ಪರಿಶೀಲನಾ ವರದಿಯ ನಂತರ ಇದು ಶಾಲೆಗಳ ಮುಖ್ಯ ಪದ್ಧತಿಯಾಯಿತು. 2012ರಿಂದ ಅಲ್ಲಿನ ಮೊದಲ ತರಗತಿಯ ಮಕ್ಕಳಿಗೆ 40 ಪದಗಳ ಪರೀಕ್ಷೆಯನ್ನು ನಡೆಸಲಾಗುತ್ತಿದೆ. ಅದರಲ್ಲಿ ಅರ್ಧದಷ್ಟು ಅರ್ಥವೇ ಇಲ್ಲದ ಕಲ್ಪಿತ ಪದಗಳು, ಏಕೆಂದರೆ ಮಗು ನೆನಪಿನಿಂದ ಹೇಳುತ್ತಿದೆಯೋ ನಿಜಕ್ಕೂ ಧ್ವನಿ ಕೂಡಿಸುತ್ತಿದೆಯೋ ಎಂಬುದು ಅಂಥ ಪದದಿಂದಲೇ ಗೊತ್ತಾಗುವುದು. ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸುತ್ತಾರೆ. ಈ ಆರರಿಂದಲೇ ಸ್ಯಾಟ್, ಪಿನ್, ಟಿನ್, ಟ್ಯಾಪ್, ನ್ಯಾಪ್, ಸಿಪ್ ಎಂದು ಹತ್ತಾರು ಚಿಕ್ಕ ಪದಗಳನ್ನು ಓದಬಹುದಾದ್ದರಿಂದ, ಅಕ್ಷರಮಾಲೆ ಮುಗಿಯುವ ತನಕ ಕಾಯದೆ ಮಗು ಓದಲು ತೊಡಗುತ್ತದೆ.

ಕನ್ನಡ ಬಲ್ಲ ಮಗುವಿಗೆ ಈ ಪದ್ಧತಿ ಹೊಸದಲ್ಲ ಎಂಬುದು ನನ್ನ ಅಭಿಪ್ರಾಯ; ನಾವು ಕಾಗುಣಿತ ಕಲಿಯುವುದೇ ಧ್ವನಿ ಕೂಡಿಸಿ. ಆದರೆ ನಮ್ಮ ಮಕ್ಕಳು ಎಡವುವ ಒಂದು ಜಾಗವಿದೆ: ವ್ಯಂಜನ ಹೇಳು ಎಂದರೆ ಅವರು ಅಕಾರವನ್ನು ಸೇರಿಸಿಯೇ ಹೇಳುತ್ತಾರೆ. ಪ, ಇ, ನ ಎಂದು ಓದಿ ಕೂಡಿಸಿದರೆ ‘ಪಇನ’ ಆಗುತ್ತದೆ, ಪಿನ್ ಆಗುವುದಿಲ್ಲ. ಇದಕ್ಕೆ ಮದ್ದು ಕನ್ನಡದಲ್ಲಿಯೇ ಇದೆ. ಪ್, ಇ, ನ್ ಎಂದು ಅರ್ಧಾಕ್ಷರದಲ್ಲಿ ಬರೆದು ತೋರಿಸಿ. ಪ್ ಮತ್ತು ಇ ಸೇರಿ ಪಿ, ಕೊನೆಗೆ ನ್, ಅಂದರೆ ಪಿನ್. ಗುಣಿತಾಕ್ಷರ ಕಲಿತ ಮಗು ಇದನ್ನು ಕೂಡಲೇ ಹಿಡಿಯುತ್ತದೆ. ಇಂಗ್ಲಿಷೊಂದೇ ಕಲಿಯುವ ಮಗುವಿಗೆ ಇಲ್ಲದ ಸೌಲಭ್ಯವಿದು, ಆದರೂ ದುಬಾರಿ ಫೋನಿಕ್ಸ್ ತರಗತಿಗಳು ಇದನ್ನು ಬಳಸುವುದು ಅಪರೂಪ.

ಫೋನಿಕ್ಸ್‌ನ ಮಿತಿಯೂ ಸಣ್ಣದಲ್ಲ. ಐದೇ ಸ್ವರಾಕ್ಷರಗಳು ಬ್ರಿಟಿಷ್ ಉಚ್ಚಾರಣೆಯ ಸುಮಾರು 20 ಸ್ವರಧ್ವನಿಗಳ ಹೊರೆಯನ್ನು ಹೊರುತ್ತವೆ. ‘ಒನ್’, ‘ಸೆಡ್’, ‘ವಾಸ್’ ಎಂಬಂಥ ದಿನಬಳಕೆಯ ಪದಗಳ ಸ್ಪೆಲಿಂಗ್ ನಿಯಮಕ್ಕೆ ಸಿಗುವುದಿಲ್ಲ, ಅವನ್ನು ನೋಡಿ ನೆನಪಿಟ್ಟುಕೊಳ್ಳದೆ ವಿಧಿಯಿಲ್ಲ. ಕಲಿಸುವವರಿಗೇ ಧ್ವನಿ ಸ್ಪಷ್ಟವಾಗಿಲ್ಲದಿದ್ದರೆ ತಪ್ಪು ಧ್ವನಿ ಬೇರೂರುತ್ತದೆ. ಫೋನಿಕ್ಸ್‌ನಲ್ಲಿಯೇ ಮುಳುಗಿದ ಕೆಲವು ಮಕ್ಕಳಿಗೆ ತಮ್ಮ ಹೆಸರಿನ ಸ್ಪೆಲಿಂಗ್ ಹೇಳು ಎಂದರೆ ಅಕ್ಷರಗಳ ಹೆಸರು ಬಾರದೆ ತಡವರಿಸುವುದನ್ನೂ ಕಾಣಬಹುದು. ಆದರೆ ಅದು ಬಹುಬೇಗ ಸರಿಹೋಗುವ ಕೊರತೆ.

ಪಕ್ಕದಲ್ಲಿ ಕನ್ನಡ ಬರೆದುಕೊಳ್ಳುವುದು

ಈ ದಾರಿಯನ್ನು ಶಿಕ್ಷಕರು ಸಾಮಾನ್ಯವಾಗಿ ಬೈಯುತ್ತಾರೆ. ನಾನು ಅಷ್ಟು ಕಟುವಾಗಿ ಹೇಳಲಾರೆ. ಕನ್ನಡ ಚೆನ್ನಾಗಿ ಓದಬಲ್ಲ ವಯಸ್ಕರಿಗೆ, ಅದರಲ್ಲಿಯೂ ಹೇಳಿಕೊಡುವವರು ಹತ್ತಿರದಲ್ಲಿ ಇಲ್ಲದವರಿಗೆ, ಕೆಲವು ವಾರಗಳ ಮಟ್ಟಿಗೆ ಇದು ಒಳ್ಳೆಯ ಆಸರೆ. ಕನ್ನಡದ ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ಎಂಬ ವಿಭಾಗ ದೇವನಾಗರಿಯ ಹಿಂದಿಗಿಂತ ಇಲ್ಲಿ ಹೆಚ್ಚು ಉಪಯುಕ್ತ. ಕೆಡುಕು ಇರುವುದು ಬರೆಯುವ ರೂಢಿಯಲ್ಲಿ. ಮೊದಲ ಅಕ್ಷರವನ್ನು ನಾವು ‘ಎ’ ಎಂದು ಹ್ರಸ್ವವಾಗಿ ಬರೆಯುತ್ತೇವೆ, ಐದನೆಯದನ್ನು ‘ಇ’ ಎಂದು. ಹಾಗೆ ಬರೆದದ್ದನ್ನು ಹಾಗೆಯೇ ಓದಿದರೆ ಎರಡೂ ತಪ್ಪು. ಬರೆದುಕೊಳ್ಳುವುದಾದರೆ ಏಯ್, ಬೀ, ಸೀ, ಡೀ, ಈ ಎಂದೂ, ಜೇಯ್, ಕೇಯ್ ಎಂದೂ ಉದ್ದವನ್ನು ತೋರಿಸಿ ಬರೆಯಬೇಕು. ಆರನೆಯ ಅಕ್ಷರಕ್ಕೆ ಚುಕ್ಕೆ ಇಟ್ಟ ಎಫ಼್, ಕೊನೆಯದಕ್ಕೆ ಚುಕ್ಕೆ ಇಟ್ಟ ಜ಼ೆಡ್. ಕೊನೆಯದನ್ನು ‘ಝಡ್’ ಎಂದು ಮಹಾಪ್ರಾಣದಿಂದ ಬರೆಯುವ ರೂಢಿ ವ್ಯಾಪಕವಾಗಿದ್ದರೂ ಆ ಧ್ವನಿಗೂ ಮಹಾಪ್ರಾಣಕ್ಕೂ ಸಂಬಂಧವಿಲ್ಲ. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್’ ಎಂದು ಎಳೆಯಿರಿ, ಬೆರಳಿಗೆ ಕಂಪನ ತಿಳಿಯುವುದಿಲ್ಲ. ನಾಲಿಗೆಯನ್ನು ಅಲ್ಲಿಯೇ ಇಟ್ಟು ಗಂಟಲನ್ನು ಗುಂಯ್ಗುಡಿಸಿದರೆ ಹೊರಡುವುದೇ ಜ಼ಕಾರ. ಕೆಳತುಟಿಗೆ ಮೇಲಿನ ಹಲ್ಲನ್ನು ತಾಗಿಸಿ ಉಸಿರು ಬಿಟ್ಟರೆ ಎಫ಼್‌ನ ಧ್ವನಿ, ಅದೇ ಜಾಗದಲ್ಲಿ ಗಂಟಲನ್ನೂ ಗುಂಯ್ಗುಡಿಸಿದರೆ ವಿ. ಡಬ್ಲ್ಯೂನ ಧ್ವನಿಗೆ ಹಲ್ಲು ತಾಗಬಾರದು, ತುಟಿಗಳು ದುಂಡಾಗಬೇಕು; ಕನ್ನಡದಲ್ಲಿ ಎರಡಕ್ಕೂ ‘ವ’ ಒಂದೇ ಇರುವುದರಿಂದ ಈ ವ್ಯತ್ಯಾಸವನ್ನು ಬರವಣಿಗೆ ತೋರಿಸಲಾರದು, ಈ ದಾರಿಯ ನಿಜವಾದ ಮಿತಿ ಇದೇ.

ಪದಗಳಿಗೆ ಇಳಿದಾಗ ಮಿತಿ ಇನ್ನೂ ಹೆಚ್ಚುತ್ತದೆ. ‘ಕ್ಯಾಟ್’ ಎಂಬ ಬರಹದಲ್ಲಿ ಯಕಾರ ಕಾಣುತ್ತದೆ, ಇಂಗ್ಲಿಷ್ ಉಚ್ಚಾರಣೆಯಲ್ಲಿ ಅದಿಲ್ಲ. ಅಲ್ಲದೆ ನಮ್ಮ ಮಾತಿನ ಅಭ್ಯಾಸಗಳೂ ನುಸುಳುತ್ತವೆ: ಎಲ್, ಎಮ್, ಎಸ್‌ಗಳು ‘ಯಲ್ಲು, ಯಮ್ಮು, ಯಸ್ಸು’ ಆಗುವುದು, ಅಂದರೆ ಮೊದಲಿಗೊಂದು ಯಕಾರವೂ ಕೊನೆಗೊಂದು ಉಕಾರವೂ ಸೇರುವುದು, ಕನ್ನಡದ ಜಾಯಮಾನಕ್ಕೆ ಸಹಜ. ಊರಿನ ಮಾತುಕತೆಯಲ್ಲಿ ಇದಕ್ಕೆ ನಾಚಬೇಕಾದ್ದೇನಿಲ್ಲ. ಸಂದರ್ಶನಕ್ಕೆ ಹೋಗುವವರು ಮಾತ್ರ ಆ ಎರಡು ತುದಿಗಳನ್ನು ಕತ್ತರಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ. ‘ಎಚ್’ ಮತ್ತು ‘ಹೆಚ್’ಗಳ ಜಗಳವೂ ಇಲ್ಲಿಗೇ ಸೇರಿದ್ದು: ನಿಘಂಟುಗಳು ಕೊಡುವುದು ಹಕಾರವಿಲ್ಲದ ‘ಏಯ್ಚ್’ ಅನ್ನು, ಐರ್ಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಹಕಾರದ ರೂಪವೂ ಧಾರಾಳವಾಗಿ ಕೇಳುತ್ತದೆ, ಕರ್ನಾಟಕದಲ್ಲಿ ಹೆಸರುಗಳ ಇನಿಷಿಯಲ್‌ಗಳನ್ನು ಎರಡೂ ಬಗೆಯಾಗಿ ಬರೆಯುತ್ತಾರೆ. ಯಾರಿಗೂ ಇದರಿಂದ ಅರ್ಥ ಕೆಡುವುದಿಲ್ಲ. ಹೊಸದಾಗಿ ಕಲಿಯುವವರು ‘ಏಯ್ಚ್’ ಕಲಿಯಲಿ, ಅಷ್ಟೇ.

ಮೊಬೈಲ್

ಇಂಟರ್ನೆಟ್ ಇರುವ ಫೋನಿನಲ್ಲಿ ಧ್ವನಿಸಹಿತ ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಬೆಳಗಿನ ಮೂರು ಗಂಟೆಗೆ ಒಂದೇ ಪದವನ್ನು ಐವತ್ತು ಸಲ ಕೇಳಿದರೂ ಅದು ಬೇಸರಪಡುವುದಿಲ್ಲ. ನಾಚಿಕೆಯ ಸ್ವಭಾವದವರಿಗೆ ಇದು ದೊಡ್ಡ ವರ. ಆದರೆ ಬಹುಪಾಲು ಆ್ಯಪ್‌ಗಳು ಕೇಳಿಸುತ್ತವೆಯೇ ಹೊರತು ತಿದ್ದುವುದಿಲ್ಲ, ತಿದ್ದುತ್ತೇವೆ ಎನ್ನುವವು ಕೂಡ ಒಂಟಿ ಅಕ್ಷರಕ್ಕಿಂತ ಇಡೀ ಪದವನ್ನು ಗುರುತಿಸುವುದರಲ್ಲಿ ಚುರುಕು. ಧ್ವನಿ ಟೈಪಿಂಗ್‌ನಲ್ಲಿ ‘ವಿ’ ಎಂದಾಗ ‘ಬಿ’ ಮೂಡಿದರೆ ತಪ್ಪು ನಿಮ್ಮದೇ ಎಂದು ತೀರ್ಮಾನಿಸಬೇಡಿ. ಅದಕ್ಕಿಂತ ನಂಬಬಹುದಾದ ಪರೀಕ್ಷೆಗೆ ಇನ್ನೊಬ್ಬ ಮನುಷ್ಯ ಸಾಕು: ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತು, ಒಬ್ಬರು ಕ್ರಮ ತಪ್ಪಿಸಿ ಹತ್ತು ಅಕ್ಷರಗಳನ್ನು ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಕಾಗದವನ್ನು ತಾಳೆ ನೋಡಿದರೆ ಯಾವ ಅಕ್ಷರ ಕೈಕೊಡುತ್ತಿದೆ ಎಂಬುದು ಎರಡೇ ಸುತ್ತಿನಲ್ಲಿ ತಿಳಿಯುತ್ತದೆ. ಐದು ವರ್ಷದೊಳಗಿನ ಮಗುವಿನ ಕೈಗೆ ಅಕ್ಷರ ಕಲಿಯಲೆಂದು ಫೋನ್ ಕೊಟ್ಟು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ತುಟಿ ಹೇಗೆ ಚಲಿಸುತ್ತದೆ ಎಂಬುದನ್ನು ಮಗು ನೋಡಬೇಕಾದದ್ದು ಎದುರಿಗಿರುವ ಮುಖದಲ್ಲಿ.

ಪ್ರತಿ ಧ್ವನಿಗೂ ಒಂದೊಂದು ಚಿಹ್ನೆಯಿರುವ ಅಂತರರಾಷ್ಟ್ರೀಯ ಧ್ವನಿಲಿಪಿಯನ್ನು ಕಲಿಯಿರಿ ಎಂಬ ಸಲಹೆಯೂ ಕೆಲವರಿಂದ ಬರುತ್ತದೆ. ಇಂಗ್ಲಿಷ್ ಶಿಕ್ಷಕರಾಗುವವರಿಗೆ, ಭಾಷಾಶಾಸ್ತ್ರ ಓದುವವರಿಗೆ ಅದು ಅಗತ್ಯ. ಉಳಿದವರಿಗೆ 26 ಅಕ್ಷರ ಕಲಿಯಲು ಇನ್ನೊಂದು ಲಿಪಿಯನ್ನೇ ಕಲಿಯುವ ಶ್ರಮ.

ತರಗತಿ, ಮತ್ತು ಯಾರಿಗೆ ಯಾವುದು

ತರಗತಿಗೆ ಹಣ ಕೊಡುವುದು ತಿದ್ದುವಿಕೆಗಾಗಿ. ಮಿಕ್ಕದ್ದೆಲ್ಲ ಉಚಿತವಾಗಿ ಸಿಗುತ್ತದೆ. ಹಾಗಾಗಿ ನಲವತ್ತು ಜನರನ್ನು ಕೂರಿಸಿ ಒಟ್ಟಿಗೆ ಕೂಗಿಸುವ ತರಗತಿ ಅಗ್ಗವಾಗಿದ್ದರೂ ನಷ್ಟವೇ. ಏಳೆಂಟು ಜನರ ಗುಂಪು ದುಬಾರಿಯೆನಿಸಿದರೂ ಪ್ರತಿಯೊಬ್ಬರ ಬಾಯಿಯನ್ನು ಶಿಕ್ಷಕರು ಗಮನಿಸಬಲ್ಲರು.

ಸರ್ಕಾರಿ ಕನ್ನಡ ಶಾಲೆಯ ಮಗುವಿಗೆ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಂಥ ಮಗು ಮನೆಯಲ್ಲಿ ಮೊದಲು ಕನ್ನಡದ ಗುಣಿತಾಕ್ಷರಗಳನ್ನು ಗಟ್ಟಿಮಾಡಿಕೊಂಡು, ಅರ್ಧಾಕ್ಷರದ ಸಹಾಯದಿಂದ ಆರು ಅಕ್ಷರಗಳ ಫೋನಿಕ್ಸ್ ಆರಂಭಿಸಿದರೆ ಹೊರಗಿನ ತರಗತಿ ಬೇಕಾಗುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಶಾಲೆಯಲ್ಲಿ ಫೋನಿಕ್ಸ್ ನಡೆಯುತ್ತಿದ್ದರೆ ಮನೆಯಲ್ಲಿ ಅಜ್ಜಿ ತಾತ ಅಕ್ಷರಗಳ ಹೆಸರು ಹೇಳಿಕೊಡುವುದರಿಂದ ಗೊಂದಲವಾಗುತ್ತದೆ ಎಂಬ ಭಯ ಅನಗತ್ಯ. ‘ಇದರ ಹೆಸರು ಬೀ, ಇದು ಮಾಡುವ ಸದ್ದು ಬ್’ ಎಂಬ ಒಂದು ವಾಕ್ಯದಿಂದ ಎರಡೂ ಜೊತೆಯಾಗಿ ಸಾಗುತ್ತವೆ. ಪಿಯುಸಿಗೆ ಸೇರಿದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಸ್ವರದ ಗುಂಪುಗಳು ಮತ್ತು ಧ್ವನಿಸಹಿತ ನಿಘಂಟು ಸಾಕು. ಗ್ರಾಹಕ ಸೇವಾ ಕೇಂದ್ರದಂಥ ಕೆಲಸ ಹಿಡಿಯುವವರು, ಅಂದರೆ ದಿನವಿಡೀ ಅಕ್ಷರಗಳನ್ನು ಕೇಳಿ ಬರೆದುಕೊಳ್ಳಬೇಕಾದವರು, ಚಿಕ್ಕ ಗುಂಪಿನ ತರಗತಿಗೆ ಹಣ ಕೊಟ್ಟರೆ ಅದು ಹಿಂದಿರುಗುತ್ತದೆ. ವಯಸ್ಸಾದ ಮೇಲೆ ಮೊದಲ ಸಲ ಕಲಿಯುವವರು ಮಕ್ಕಳ ಹಾಡಿನಿಂದ ಆರಂಭಿಸಬೇಕಿಲ್ಲ. ತಮ್ಮ ಹೆಸರು, ಊರಿನ ಹೆಸರು, ವಾಹನದ ಸಂಖ್ಯೆ, ಪ್ಯಾನ್ – ಇವುಗಳಲ್ಲಿ ಬರುವ ಅಕ್ಷರಗಳನ್ನು ಕನ್ನಡದ ಆಸರೆಯಿಂದ ಕಲಿತರೆ ಅಕ್ಷರಮಾಲೆಯ ಬಹುಭಾಗ ಬಂದೇಬಿಡುತ್ತದೆ.

ತರಗತಿಗೆ ಸೇರಲೇಬೇಕೆಂದು ನಿಶ್ಚಯಿಸಿದವರು ಶುಲ್ಕ ಕಟ್ಟುವ ಮುನ್ನ ಒಂದು ದಿನ ಒಳಗೆ ಕುಳಿತು ನೋಡಲು ಅನುಮತಿ ಕೇಳಬೇಕು. ಶಿಕ್ಷಕರು ‘ಬ’, ‘ಮ’, ‘ಸ’ ಎಂದು ಅಕಾರ ಸೇರಿಸಿ ಹೇಳುತ್ತಾರೋ ‘ಬ್’, ‘ಮ್ಮ್’, ‘ಸ್ಸ್’ ಎಂದು ಹೇಳುತ್ತಾರೋ ಕಿವಿಗೊಟ್ಟು ಕೇಳಿ. ವಿ ಹೇಳುವಾಗ ಅವರ ಹಲ್ಲು ತುಟಿಗೆ ತಾಗುತ್ತದೆಯೇ ನೋಡಿ. ಒಬ್ಬ ವಿದ್ಯಾರ್ಥಿ ತಪ್ಪಿದಾಗ ಅವನೊಬ್ಬನ ಕಡೆಗೆ ತಿರುಗಿ ತಿದ್ದುತ್ತಾರೋ ಅಥವಾ ಇಡೀ ತರಗತಿಗೆ ಮತ್ತೊಮ್ಮೆ ಕೂಗಿಸುತ್ತಾರೋ ಗಮನಿಸಿ. ಒಳಗೆ ಕೂರಲು ಬಿಡದ ತರಗತಿಗೆ ಮುಂಗಡ ಕೊಡಬೇಡಿ.